ಉದ್ದ ಹಲ್ಲಿನ ಚಳಿಗಾಲ

ಮೊನ್ನೆ ಬೆಳಗ್ಗೆ ಬಾಗಿಲು ತೆಗೆದರೆ ಎದುರಿನ ವಿಲ್ಲಾದ ಗೋಡೆ ಇರಲಿಲ್ಲ. ಕತಾರಿನ ಐನ್ ಖಾಲಿದ್‌ನ ನಮ್ಮ ಗಲ್ಲಿಯನ್ನು ಮಂಜು ಪೂರ್ತಿ ನುಂಗಿತ್ತು. ಮಗಳನ್ನು ಶಾಲೆಯ ಬಸ್ಸಿಗೆ ಬಿಡಲು ಗೇಟಿನ ತನಕ ಹೋದೆ. ಸಮುದ್ರದ ಕಡೆಯಿಂದ ಬರುತ್ತಿದ್ದ ತೆಳು ಗಾಳಿಯಲ್ಲಿ ಹಸಿ ಉಪ್ಪು, ಕೊಳೆತ ಪಾಚಿ, ಪಟಾಕಿ ಸುಟ್ಟ ಮೇಲೆ ಉಳಿಯುವಂತಹ ಒಂದು ಘಾಟು. ಅಷ್ಟರಲ್ಲಿ ಮಂಜಿನೊಳಗಿಂದ ಯಾರೋ "ಮಮತಾ" ಎಂದು ಕರೆದರು. ನಾನು ಓಗೊಡಲಿಲ್ಲ. ಇನ್ನೊಮ್ಮೆ ಕರೆದ ಮೇಲೆ "ಹಾಂ" ಎಂದೆ. ಉಡುಪಿ ಕಡೆಯ ಪಕ್ಕದ ಮನೆಯವರು, ಬಸ್ಸು ತಡವಂತೆ ಎಂದು ಹೇಳಲು ಬಂದಿದ್ದರು.

"ಮಮ್ಮಾ, ಆಂಟಿ ಫಸ್ಟ್ ಟೈಮ್ ಕರೆದಾಗಲೇ ನಿನಗೆ ಕೇಳಿತು. ಯಾಕೆ ಆನ್ಸರ್ ಮಾಡ್ಲಿಲ್ಲ?" ಎಂದಳು ಮಗಳು.

ನಡುರಸ್ತೆಯಲ್ಲಿ ಹೇಳುವ ಉತ್ತರ ಅದಲ್ಲ. ಇಲ್ಲಿ ಬರೆಯುತ್ತೇನೆ.

ಅವಳು ಇನ್ನೂ ನರ್ಸರಿಯಲ್ಲಿದ್ದಾಗಿನ ಚಳಿಗಾಲ ಅದು. ನಾನು ಸೀಲೈನಿನ ಮರಳುದಿಬ್ಬಗಳಿಂದಲೂ ದಕ್ಷಿಣಕ್ಕೆ, ಸಮುದ್ರದ ಬದಿಯ ಸಬ್ಖಾದಲ್ಲಿ ಕೆಲಸ ಮಾಡುತ್ತಿದ್ದೆ. ಸಬ್ಖಾ ಎಂದರೆ ಉಪ್ಪಿನ ಬಯಲು. ಮೇಲೆ ಹಪ್ಪಳದಂತಹ ಗಟ್ಟಿ ಪೊರೆ, ಕೆಳಗೆ ನೀರು ಕುಡಿದು ಕೂತ ಕೆಸರು. ಒಂದು ಮರವಿಲ್ಲ, ಒಂದು ದಿಬ್ಬವಿಲ್ಲ, ಕಣ್ಣು ಎಲ್ಲಿ ಊರಬೇಕೆಂದು ತಿಳಿಯದೆ ಜಾರುತ್ತಲೇ ಇರುತ್ತದೆ. ನಮ್ಮ ಸಣ್ಣ ಕಂಪನಿಗೆ ಅಲ್ಲಿನ ನೆಲದಡಿಯ ನೀರಿನ ಮಟ್ಟ ಅಳೆಯುವ ಗುತ್ತಿಗೆ ಸಿಕ್ಕಿತ್ತು. ಗಟ್ಟಿ ನೆಲ ಮುಗಿಯುವಲ್ಲಿ ನಮ್ಮ ಕ್ಯಾಬಿನ್. ಅಲ್ಲಿಂದ ಹತ್ತು ಕಿಲೋಮೀಟರ್ ತೆಂಕಕ್ಕೆ ಸಾಲಾಗಿ ಕಂಬಗಳು, ಆಮೇಲೆ ಒಂದು ಹಳೆಯ ಡ್ರಮ್ಮಿನ ಹತ್ತಿರ ಸಾಲು ತಿರುಗಿ ಐದು ಕಿಲೋಮೀಟರ್ ಮೂಡಕ್ಕೆ, ಸಮುದ್ರದ ಅಂಚಿನ ಕೊನೆಯ ಕಂಬದವರೆಗೆ. ಪ್ರತಿ ಕಂಬದ ಬುಡದಲ್ಲೂ ನೆಲದೊಳಕ್ಕೆ ಇಳಿದ ಒಂದು ಕೊಳವೆ. ದಿನವೂ ಹೋಗಿ ಅದರಲ್ಲಿನ ನೀರು ನೋಡಿ ಬರಬೇಕು.

ನಾನು ಮೆಕ್ಯಾನಿಕಲ್ ಇಂಜಿನಿಯರ್. ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ನನಗಿಂತ ಮೊದಲು ಹತ್ತನೇ ತರಗತಿ ದಾಟಿದವರಿಲ್ಲ. ಅಮ್ಮ ಬೀಡಿ ಕಟ್ಟುತ್ತಿದ್ದಳು, ಅಪ್ಪ ದೋಣಿಗಳು ಬಂದು ನಿಲ್ಲುವ ಮಂಗಳೂರಿನ ಧಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದರು. ನಾನು ಪಾಲಿಟೆಕ್ನಿಕ್ ಮುಗಿಸಿ, ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ದುಡಿದು, ಆ ದುಡ್ಡಿನಲ್ಲಿ ಬಿ.ಇ. ಎರಡನೇ ವರ್ಷಕ್ಕೆ ಸೇರಿದವಳು. ಸಂಜೆ ಅಮ್ಮನ ಜೊತೆ ಎಲೆ ಕತ್ತರಿಸಿ ಬೆಳಗ್ಗೆ ಕ್ಲಾಸಿಗೆ ಹೋದರೆ ಬೆರಳುಗಳಿಂದ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. ಪಕ್ಕದ ಬೆಂಚಿನವರು ಮೂಗು ಸಿಂಡರಿಸುತ್ತಿದ್ದರು. ಅದಕ್ಕೇ ಯಾರಾದರೂ ನನ್ನ ಲೆಕ್ಕ ತಪ್ಪು ಎಂದರೆ ನಾನು ಸುಮ್ಮನೆ ತಲೆಯಾಡಿಸುವುದಿಲ್ಲ. ಆ ಲೆಕ್ಕವನ್ನು ನಾನು ಪುಕ್ಕಟೆ ಕಲಿತದ್ದಲ್ಲ.

ಸಬ್ಖಾದ ಮೇಲೆ ಪಿಕಪ್ ಹೋದರೆ ಆಕ್ಸಲ್ ತನಕ ಹೂತುಹೋಗುತ್ತದೆ. ಹಾಗಾಗಿ ಕಂಪನಿ ಹಿಮದ ದೇಶಕ್ಕೆಂದು ಮಾಡಿದ ಎರಡು ಗಾಡಿಗಳನ್ನು ತರಿಸಿತ್ತು. ಇಬ್ಬರು ಕೂರಬಹುದು, ಚಕ್ರಗಳ ಬದಲಿಗೆ ಅಗಲವಾದ ರಬ್ಬರ್ ಟ್ರ್ಯಾಕ್. ಹಿಮವೇ ಬೀಳದ ನಾಡಿನಲ್ಲಿ ಹಿಮದ ಗಾಡಿ. ಉಪ್ಪು ಹಾಸಿದ ಬಿಳಿ ಬಯಲಿನಲ್ಲಿ ಅದು ಹೋಗುವುದನ್ನು ದೂರದಿಂದ ನೋಡಿದರೆ ಯಾವ ದೇಶದಲ್ಲಿದ್ದೇನೆ ಎಂಬ ಅನುಮಾನ ಬರುತ್ತಿತ್ತು.

ಆ ಟ್ರ್ಯಾಕಿನ ಹೊರಮೈಯಲ್ಲಿ ಅಡ್ಡಡ್ಡಕ್ಕೆ ಎದ್ದ ರಬ್ಬರ್ ಪಟ್ಟಿಗಳಿರುತ್ತವೆ. ನೆಲ ಕಚ್ಚಿ ಹಿಡಿಯುವುದು ಅವೇ. ಪುಸ್ತಕದಲ್ಲಿ ಲಗ್ ಎನ್ನುತ್ತಾರೆ, ನಮ್ಮಲ್ಲಿ ಹಲ್ಲು. ಚಳಿ ಶುರುವಾಗಿ ಪೊರೆ ಒದ್ದೆಯಾದ ಮೇಲೆ ಗಿಡ್ಡ ಹಲ್ಲಿನ ಟ್ರ್ಯಾಕ್ ನಿಂತಲ್ಲೇ ಜಾರತೊಡಗಿತು. ಆಗ ಒಂದು ಗಾಡಿಗೆ ಉದ್ದ ಹಲ್ಲಿನ ಹೊಸ ಟ್ರ್ಯಾಕ್ ಬಂತು. ಹಾಕಿದ ಮೊದಲ ದಿನವೇ ಎಂಜಿನ್ ಏದುಸಿರು ಬಿಟ್ಟಿತು, ಬೆಲ್ಟ್ ಸುಟ್ಟ ವಾಸನೆ ಬಂತು.

"ಗೇರ್ ಇಳಿಸಬೇಕು" ಎಂದೆ ನಾನು.

"ನಾನೂ ಅದನ್ನೇ ಹೇಳುವುದು" ಎಂದರು ಸುಧಾಕರಣ್ಣ.

ಸುಧಾಕರಣ್ಣ ನಮ್ಮ ವರ್ಕ್‌ಶಾಪ್ ಮ್ಯಾನೇಜರ್, ಮೂಲ್ಕಿ ಕಡೆಯವರು, ಮದೀನತ್ ಖಲೀಫಾದಲ್ಲಿ ಸಂಸಾರ ಇಟ್ಟುಕೊಂಡು ಕತಾರಿನಲ್ಲೇ ತಲೆ ನರೆತವರು. ನನ್ನನ್ನು ಈ ಕೆಲಸಕ್ಕೆ ಸೇರಿಸಿದ್ದೇ ಅವರು. ಹೆಂಗಸು ಸೈಟಿಗೆ ಯಾಕೆ ಎಂದ ಮೇಲಿನವರಿಗೆ "ಅವಳು ಸ್ಪ್ಯಾನರ್ ಹಿಡಿಯುವುದು ನೋಡಿ, ಆಮೇಲೆ ಮಾತಾಡಿ" ಎಂದಿದ್ದರಂತೆ. ಆ ಋಣ ನನ್ನ ಮೇಲಿತ್ತು. ಆದರೂ ಅಂದು ಜಗಳವಾಯಿತು.

ಇಬ್ಬರೂ ಹೇಳಿದ ಔಷಧ ಒಂದೇ, ಕಾಯಿಲೆ ಮಾತ್ರ ಬೇರೆ. ಹಲ್ಲು ಉದ್ದವಾದರೆ ಅದು ಕೆಸರಿಗೆ ಆಳವಾಗಿ ಇಳಿದು ಹೆಚ್ಚು ನೆಲವನ್ನು ತಳ್ಳಬೇಕಾಗುತ್ತದೆ, ಎಂಜಿನ್ನಿಗೆ ಹೊರೆ ಹೆಚ್ಚು, ಅದಕ್ಕೆ ಗೇರ್ ಇಳಿಸಬೇಕು. ಇದು ನನ್ನ ಮಾತು. ಹಲ್ಲು ಉದ್ದವಾದರೆ ಚಕ್ರವೇ ದೊಡ್ಡದಾದಂತೆ, ಅದಕ್ಕೆ ಗೇರ್ ಇಳಿಸಬೇಕು. ಇದು ಅವರ ಮಾತು. ಸರಪಳಿ ಓಡಿಸುವ ಮೇಲಿನ ಸ್ಪ್ರಾಕೆಟ್ ತೆಗೆದು ಸಣ್ಣದು ಹಾಕಿದೆವು, ಎಂಜಿನ್ ಹಗುರಾಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸುಧಾಕರಣ್ಣ ಲ್ಯಾಪ್‌ಟಾಪ್ ಜೋಡಿಸಿ ಮೀಟರನ್ನೂ ತಿದ್ದಲು ಕೂತರು.

"ಮೀಟರ್ ಎಂತಕ್ಕೆ ಅಣ್ಣ?"

"ಲ್ಯಾಂಡ್‌ಕ್ರೂಸರಿಗೆ ದೊಡ್ಡ ಟಯರ್ ಹಾಕಿದ್ರೆ ಮೀಟರ್ ಕಮ್ಮಿ ತೋರಿಸ್ತದೆ. ಸೀಲೈನಿನಲ್ಲಿ ಮರಳುಗುಡ್ಡೆ ಹತ್ತುವ ಪೋರರಿಗೂ ಗೊತ್ತುಂಟು ಅದು. ಇಲ್ಲಿ ಹಲ್ಲು ಉದ್ದ ಆಯ್ತು, ಟಯರ್ ದೊಡ್ಡದಾಯ್ತು. ಅಷ್ಟೇ."

"ಟಯರ್ ದುಂಡಗೆ ಉಂಟು. ಟ್ರ್ಯಾಕ್ ನೆಲ ಮುಟ್ಟುವಲ್ಲಿ ಚಪ್ಪಟೆ. ಮೀಟರ್ ಲೆಕ್ಕ ಮಾಡುವುದು ಟ್ರ್ಯಾಕ್ ತಿರುಗಿಸುವ ಶಾಫ್ಟಿನ ಸುತ್ತು. ಶಾಫ್ಟ್ ಒಂದು ಸುತ್ತು ಬಂದ್ರೆ ಅಷ್ಟೇ ಉದ್ದದ ಟ್ರ್ಯಾಕ್ ನೆಲಕ್ಕೆ ಬೀಳುವುದು. ಚಾಪೆ ಬಿಡಿಸಿದ ಹಾಗೆ ಅಣ್ಣ. ಚಾಪೆಯ ಅಡಿಗೆ ಗೇಣುದ್ದ ಕಾಲು ಹೊಲಿದ್ರೂ ಚಾಪೆಯ ಉದ್ದ ಹೆಚ್ಚಾಗ್ತದಾ?"

"ಚಾಪೆಗೆ ಕಾಲು ಹೊಲಿದ್ರೆ ಮಂಚ ಆಗ್ತದೆ ಇಂಜಿನಿಯರಮ್ಮ" ಎಂದರು ಗಾಡಿಯ ಡ್ರೈವರ್ ಹಮೀದಾಕ, ಚಹಾದ ಲೋಟದ ಹಿಂದಿನಿಂದ. ಅವರು ಉಳ್ಳಾಲದವರು. ಬ್ಯಾರಿಗಳು ಹಿರಿಯರನ್ನು ಕರೆಯುವ ಹಾಗೆ ನಾವೆಲ್ಲ ಅವರನ್ನು ಹಮೀದಾಕ ಎಂದೇ ಕರೆಯುತ್ತಿದ್ದೆವು. ಎಲ್ಲರೂ ನಕ್ಕರು. ನನಗೂ ನಗು ಬಂತು, ಸಿಟ್ಟೂ ಬಂತು.

"ನಾನು ಇಲ್ಲಿ ಟಯರ್ ಬಿಚ್ಚುವಾಗ ನೀನು ಅಂಗನವಾಡಿಯಲ್ಲಿದ್ದೆ ಮಾರಾಯ್ತಿ" ಎಂದರು ಸುಧಾಕರಣ್ಣ. "ಖಲಾಸ್. ಮಾತು ಸಾಕು."

ಮೀಟರಿನ ಲೆಕ್ಕ ಕಾಲು ಪಾಲು ಏರಿತು. ಅಂದರೆ ಗಾಡಿ ನೆಲದಲ್ಲಿ ನಾಲ್ಕು ಕಿಲೋಮೀಟರ್ ಹೋದರೆ ಮೀಟರ್ ಐದು ತೋರಿಸುತ್ತಿತ್ತು. ಯಾರಿಗೂ ತಿಳಿಯಲಿಲ್ಲ. ಬಯಲು ತಿಳಿಯಾಗಿದ್ದಾಗ ಕಂಬದಿಂದ ಕಂಬ ಕಾಣುತ್ತದೆ, ಮೀಟರ್ ನೋಡುವವರು ಯಾರು? ಹಮೀದಾಕ ಮಾತ್ರ ಖುಷಿಯಲ್ಲಿದ್ದರು. "ಹೊಸ ಟ್ರ್ಯಾಕಿನಲ್ಲಿ ಸ್ಪೀಡ್ ನೋಡಿ! ಕುದುರೆ!" ನಾನು ಇನ್ನೊಮ್ಮೆ ಹೇಳಿದೆ, ಸುಧಾಕರಣ್ಣ ಕೇಳದವರಂತೆ ಫೋನ್ ಎತ್ತಿಕೊಂಡರು.

ಫೋನುಗಳೂ ಆ ಚಳಿಗಾಲದಲ್ಲಿ ಸರಿಯಿರಲಿಲ್ಲ. ಕೊಲ್ಲಿಯಲ್ಲಿ ಎಲ್ಲೋ ಯಾರೋ ಜಿಪಿಎಸ್ ಸಿಗ್ನಲ್ ಕೆಡಿಸುತ್ತಿದ್ದಾರೆ ಎನ್ನುತ್ತಿದ್ದರು. ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದ ನನ್ನನ್ನು ಮ್ಯಾಪಿನ ನೀಲಿ ಚುಕ್ಕೆ ಸಮುದ್ರದ ನಡುವೆ ತೇಲಿಸುತ್ತಿತ್ತು. ಗಂಡ ಆಫೀಸಿನಿಂದ ಫೋನ್ ಮಾಡಿ "ನಾನೀಗ ಏರ್‌ಪೋರ್ಟಿನ ರನ್‌ವೇ ಮೇಲೆ ಮಲಗಿದ್ದೇನೆ" ಎಂದು ನಗುತ್ತಿದ್ದ. ಊರಿಗೆ ಊರೇ ಇದ್ದಲ್ಲಿ ಇರದೆ, ಇರದಲ್ಲಿ ಇದ್ದ ದಿನಗಳು ಅವು.

ಆ ದಿನ ನೀರಿನ ಮಟ್ಟ ನೋಡುವವನು ರಜೆಯಲ್ಲಿದ್ದ. ಅವನ ಬದಲು ಸುಧಾಕರಣ್ಣ ತಾವೇ ಹೊರಟರು, ಹಮೀದಾಕನ ಜೊತೆ, ಉದ್ದ ಹಲ್ಲಿನ ಗಾಡಿಯಲ್ಲಿ. ಹೊರಡುವಾಗ ಆಕಾಶ ಒರೆಸಿಟ್ಟ ಪಾತ್ರೆಯ ಹಾಗಿತ್ತು. ಕ್ಯಾಬಿನ್ನಿನಲ್ಲಿ ಉಳಿದದ್ದು ನಾನು ಮತ್ತು ಬಿಜು. ಬಿಜು ತ್ರಿಶೂರಿನ ಹುಡುಗ, ರೇಡಿಯೋ, ಜನರೇಟರ್, ಅಡುಗೆ ಎಲ್ಲ ಅವನದೇ.

ಬಿಸಿಲೇರುವ ಹೊತ್ತಿಗೆ ಮೂಡಣದ ಅಂಚಿನಲ್ಲಿ ಒಂದು ಬಿಳಿ ಗೆರೆ ಎದ್ದಿತು. ನೋಡನೋಡುತ್ತ ಗೋಡೆಯಾಯಿತು. ಗೋಡೆ ನಡೆದು ಬಂತು. ಮೊದಲು ದೂರದ ಕಂಬಗಳು ಹೋದವು, ಆಮೇಲೆ ಹತ್ತಿರದವು, ಆಮೇಲೆ ಬಾಗಿಲಾಚೆಯ ನೀರಿನ ಟ್ಯಾಂಕು. ಸದ್ದು ಕೂಡ ಹೋಯಿತು. ಜನರೇಟರ್ ಪಕ್ಕದಲ್ಲೇ ಓಡುತ್ತಿದ್ದರೂ ಯಾರೋ ಅದರ ಮೇಲೆ ಕಂಬಳಿ ಹೊದಿಸಿದ ಹಾಗೆ ಕೇಳುತ್ತಿತ್ತು.

ರೇಡಿಯೋದಲ್ಲಿ ಸುಧಾಕರಣ್ಣ ಬಂದರು. "ಕೊನೆಯ ಕಂಬ ಆಯ್ತು. ಮಂಜು ಬಂತು, ಎಂತದೂ ಕಾಣುವುದಿಲ್ಲ. ಹೊರಟೆವು. ಕಾಂಪಸ್ ಉಂಟು, ಮೀಟರ್ ಉಂಟು. ಐದು ಪಡು, ಹತ್ತು ಬಡಗು. ಗಾಬರಿ ಬೇಡ."

ದಾರಿಯ ಅಳತೆ ನಮಗೆಲ್ಲ ಬಾಯಿಪಾಠ. ಹೋಗುವಾಗ ಹತ್ತು ತೆಂಕು, ಐದು ಮೂಡು. ಬರುವಾಗ ತಿರುವುಮುರುವು. ಆ ಅಳತೆಯೆಲ್ಲ ಹಳೆಯ ಮೀಟರಿನದು. ಅದೇ ಅಂಕಿಗಳನ್ನು ಮತ್ತೆ ಮತ್ತೆ ಹೇಳಿಕೊಂಡೆ, ಎಲ್ಲಿ ಎಡವುತ್ತಿದೆ ಎಂದು ಆ ಕ್ಷಣಕ್ಕೆ ಹೊಳೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಮತ್ತೆ ಅವರ ದನಿ. "ತಿರುವಿನ ಡ್ರಮ್ ಕಾಣ್ಲಿಲ್ಲ. ಮೀಟರಿನಲ್ಲಿ ಐದು ಆಯ್ತು. ಮೀಟರ್ ಸೊನ್ನೆ ಮಾಡಿ ಬಡಗಕ್ಕೆ ತಿರುಗಿಸಿದೆವು."

"ಕಂಬ ಸಿಕ್ಕಿತಾ ಅಣ್ಣ?"

"ಇಲ್ಲ. ಕೈ ನೀಡಿದ್ರೆ ಕೈಯೇ ಕಾಣುವುದಿಲ್ಲ, ಕಂಬ ಎಲ್ಲಿಂದ? ಹೋದಾಗಿನ ಗುರುತೂ ಇಲ್ಲ, ನೆಲ ಎಲ್ಲ ನೀರು ಬಿಟ್ಟು ಮುಚ್ಚಿಕೊಂಡಿದೆ."

ಹೊತ್ತು ಹೋಯಿತು. ಬಿಜು ಪಿಕಪ್ಪಿನ ಹಾರ್ನ್ ಒತ್ತುತ್ತಿದ್ದ. ಆಮೇಲೆ ರೇಡಿಯೋ ಕರಕರ ಎಂದಿತು. ಈ ಸಲ ಹಮೀದಾಕ. ಅವರ ದನಿಯಲ್ಲಿ ಚೇಷ್ಟೆ ಇರಲಿಲ್ಲ.

"ಇಂಜಿನಿಯರಮ್ಮ, ನಾವು ಕ್ಯಾಬಿನ್ನಿಗೆ ಬಂದಿದ್ದೇವೆ. ನೀವೆಲ್ಲ ಎಲ್ಲಿ ಹೋದ್ರಿ?"

ಬಿಜು ನನ್ನ ಮುಖ ನೋಡಿದ. ನಾನು ಬಾಗಿಲಾಚೆ ಇಣುಕಿದೆ. ಬಿಳಿ, ಬರೀ ಬಿಳಿ.

"ನಾವು ಇಲ್ಲೇ ಇದ್ದೇವೆ ಹಮೀದಾಕ. ಹಾರ್ನ್ ಕೇಳ್ತಾ ಉಂಟಾ?"

"ಹಾರ್ನ್ ಮಾಫಿ, ಕೇಳುವುದೇ ಇಲ್ಲ. ಮೀಟರಿನಲ್ಲಿ ಹತ್ತು ಆಯ್ತು. ಕ್ಯಾಬಿನ್ ಇರುವ ಜಾಗಕ್ಕೇ ಬಂದಿದ್ದೇವೆ. ಕ್ಯಾಬಿನ್ ಇಲ್ಲ."

ಆಗ ಮೀಟರ್ ತಿದ್ದಿದ್ದು ನೆನಪಾಯಿತು. ಐದೆಂದರೆ ನಾಲ್ಕು. ಹತ್ತೆಂದರೆ ಎಂಟು. ಅವರು ಡ್ರಮ್ಮಿಗೆ ಒಂದು ಕಿಲೋಮೀಟರ್ ಮೊದಲೇ ತಿರುಗಿದ್ದಾರೆ, ಕ್ಯಾಬಿನ್ನಿಗೆ ಎರಡು ಕಿಲೋಮೀಟರ್ ಮೊದಲೇ ನಿಂತಿದ್ದಾರೆ. ಮೇಜಿನ ಧೂಳಿನ ಮೇಲೆ ಬೆರಳಿನಲ್ಲಿ ಗೆರೆ ಎಳೆದೆ. ನಮ್ಮಿಂದ ಎರಡು ತೆಂಕು, ಕಂಬದ ಸಾಲಿನಿಂದ ಒಂದು ಮೂಡು. ಅದು ಸಬ್ಖಾದ ತಗ್ಗು. ಅಂದು ಅಮಾವಾಸ್ಯೆ. ಅಮಾವಾಸ್ಯೆಯ ಭರತದ ನೀರು ಸದ್ದಿಲ್ಲದೆ ಆ ತಗ್ಗಿಗೆ ಹರಡುವುದನ್ನು ನಾನು ಕಣ್ಣಾರೆ ನೋಡಿದ್ದೆ. ಪೊರೆ ನೆನೆದರೆ ಉದ್ದ ಹಲ್ಲು ಅದನ್ನು ಸೀಳಿಕೊಂಡು ಕೆಳಗೆ ಇಳಿಯುತ್ತದೆ. ನಿಂತ ಗಾಡಿ ನಿಂತಲ್ಲೇ ಇಳಿಯುತ್ತದೆ. ಕಾಲಿಟ್ಟ ಮನುಷ್ಯನೂ ಇಳಿಯುತ್ತಾನೆ.

"ಅಣ್ಣ, ಕೇಳಿ. ನೀವು ಎಲ್ಲಿದ್ದೀರಿ ಎಂದು ನನಗೆ ಗೊತ್ತುಂಟು. ಮೀಟರ್ ಹೆಚ್ಚು ತೋರಿಸಿದೆ. ಗಾಡಿಯಿಂದ ಇಳಿಯಬೇಡಿ. ಎಲ್ಲಿಗೂ ಹೋಗಬೇಡಿ. ನಾನು ಬರ್ತೇನೆ."

ಆಮೇಲೆ ಸುಧಾಕರಣ್ಣನ ದನಿ, ನನ್ನೊಡನೆ ಅಲ್ಲ, ಪಕ್ಕದಲ್ಲಿದ್ದವರೊಡನೆ ಮಾತಾಡುವ ಹಾಗೆ, ತುಂಬ ಹಗುರವಾಗಿ:

"ಹೋ, ಅಲ್ಲಿ ಉಂಟಲ್ಲ. ಕಾಣ್ತಾ ಉಂಟು."

ಅಷ್ಟೇ. ಮತ್ತೆ ಎಷ್ಟು ಕರೆದರೂ ಉತ್ತರವಿಲ್ಲ.

ಬಿಜು ತುರ್ತು ನಂಬರಿಗೆ ಫೋನ್ ಮಾಡಿದ. ಹೊರಡುತ್ತೇವೆ, ಆದರೆ ಈ ಮಂಜಿನಲ್ಲಿ ಹೆಲಿಕಾಪ್ಟರ್ ಏಳುವುದಿಲ್ಲ, ರಸ್ತೆಯಲ್ಲಿ ಬರಲು ಹೊತ್ತು ಹಿಡಿಯುತ್ತದೆ ಎಂದರು. ಕ್ಯಾಬಿನ್ನಿನ ಹಿಂದೆ ಗಿಡ್ಡ ಹಲ್ಲಿನ ಹಳೆಯ ಗಾಡಿ ಇತ್ತು. ಅದರ ಮೀಟರನ್ನು ಯಾರೂ ಮುಟ್ಟಿರಲಿಲ್ಲ. ಸರ್ವೆಯ ಕಿತ್ತಳೆ ಬಣ್ಣದ ಬಾವುಟಗಳ ಕಟ್ಟೊಂದನ್ನು, ಕೈರೇಡಿಯೋವನ್ನು ಸೀಟಿನ ಮೇಲೆ ಹಾಕಿಕೊಂಡೆ.

"ಚೇಚ್ಚಿ, ನಾನೂ ಬರ್ತೇನೆ" ಎಂದ ಬಿಜು ಅವನಿಗೆ ಬರುವ ಅರೆಬರೆ ಕನ್ನಡದಲ್ಲಿ.

"ನೀನು ಬಂದ್ರೆ ರೇಡಿಯೋದಲ್ಲಿ ಯಾರು? ಇಲ್ಲೇ ಇರು. ಹಾರ್ನ್ ನಿಲ್ಲಿಸಬೇಡ."

ಸಾಲಿನ ಕಂಬಗಳನ್ನು ಹಿಡಿದು ನಿಧಾನ ತೆಂಕಕ್ಕೆ ಹೋದೆ. ಪ್ರತಿ ಕಂಬವೂ ಮಂಜಿನಿಂದ ಒಮ್ಮೆಲೇ ಎದ್ದು ನಿಲ್ಲುತ್ತಿತ್ತು, ಇಷ್ಟು ಹೊತ್ತು ನನಗಾಗಿಯೇ ಕಾದವರ ಹಾಗೆ. ಬಿಜುವಿನ ಹಾರ್ನ್ ಬೇಗನೆ ಸತ್ತುಹೋಯಿತು. ಮೀಟರ್ ಎರಡು ತೋರಿಸಿದಲ್ಲಿ ಸಾಲು ಬಿಟ್ಟು ಮೂಡಕ್ಕೆ ತಿರುಗಿದೆ. ಅಲ್ಲಿಂದ ಮುಂದೆ ನನ್ನ ಹತ್ತಿರ ಇದ್ದದ್ದು ಕಾಂಪಸ್ಸಿನ ಮುಳ್ಳು, ಮೀಟರಿನ ಅಂಕಿ, ಮತ್ತು ಎಂದೋ ಕಲಿತ ಪಾಠ. ಸ್ವಲ್ಪ ದೂರಕ್ಕೊಂದು ಬಾವುಟ ಊರುತ್ತ ಹೋದೆ. ಹಿಂದಿರುಗಿ ನೋಡಿದರೆ ಊರಿದ ಬಾವುಟವೊಂದೇ ಕಾಣುತ್ತಿತ್ತು. ಅದರ ಹಿಂದಿನದು ಇರಲಿಲ್ಲ. ಇದ್ದೇ ಇದೆ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತಿತ್ತು.

ಗಾಡಿಯ ಸದ್ದಿನ ಜೊತೆ ಇನ್ನೊಂದು ಗಾಡಿಯ ಸದ್ದು ಬರುತ್ತಿದೆ ಅನಿಸಿತು. ನಿಲ್ಲಿಸಿದೆ. ಅದೂ ನಿಂತಿತು. ಹೊರಟೆ. ಅದೂ ಹೊರಟಿತು. ಇನ್ನೊಮ್ಮೆ ನಿಲ್ಲಿಸಿ ನೋಡುವ ಧೈರ್ಯ ಬರಲಿಲ್ಲ.

ಒಂದು ಕಿಲೋಮೀಟರ್ ಮುಗಿಯಿತು. ಎಂಜಿನ್ ಆರಿಸಿದೆ. ಏನೂ ಇಲ್ಲ. ನೆಲದ ತಗ್ಗುಗಳಲ್ಲಿ ಬೆರಳು ದಪ್ಪದ ನೀರು ಆಗಲೇ ಹಾಸಿತ್ತು, ಅಲೆಯಿಲ್ಲ, ಸದ್ದಿಲ್ಲ. ಲೆಕ್ಕ ತಪ್ಪಿತೇ? ನನ್ನ ಲೆಕ್ಕ ತಪ್ಪಿದರೆ ಇಬ್ಬರು ಹೋಗುತ್ತಾರೆ. ಸುಧಾಕರಣ್ಣನ ಹೆಂಡತಿ ಹಿಂದಿನ ವಾರವಷ್ಟೇ ನನಗೆ ನೀರುದೋಸೆ ಕಟ್ಟಿಕೊಟ್ಟಿದ್ದರು. ಹಮೀದಾಕನ ಮಗಳ ನಿಖಾ ಮುಂದಿನ ತಿಂಗಳಿಗೆ ಗೊತ್ತಾಗಿತ್ತು. ಕೈರೇಡಿಯೋದ ಗುಂಡಿ ಒತ್ತಿ ಕರೆದೆ.

"ಸುಧಾಕರಣ್ಣ."

ಮಂಜಿನೊಳಗಿಂದ, ಎಡಗಡೆಯಿಂದ, ಒಬ್ಬಳು ಹೆಂಗಸು "ಸುಧಾಕರಣ್ಣ" ಎಂದು ಕರೆದಳು.

ನಮ್ಮ ಕಡೆ ಕುಲೆ ಎನ್ನುತ್ತಾರೆ, ಸತ್ತ ಮೇಲೂ ಹೋಗದೆ ಉಳಿದವರಿಗೆ. ಅವು ಒಂದೇ ಸಲ ಕರೆಯುತ್ತವಂತೆ, ಒಂದು ಕರೆಗೆ ಓಗೊಡಬಾರದು ಎಂದು ಅಮ್ಮ ಸೂಪು ಎಂಬ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಲೇ ಹೇಳಿಕೊಟ್ಟಿದ್ದಳು. ಪದವಿಯ ಯಾವ ಪುಸ್ತಕವೂ ಆ ಕ್ಷಣ ಅದನ್ನು ಅಳಿಸಲಿಲ್ಲ. ಎರಡನೇ ಸಲ ಕರೆಯುತ್ತದೋ ಎಂದು ಕಾದೆ. ಆಮೇಲೆ ಮತ್ತೆ ಗುಂಡಿ ಒತ್ತಿದೆ. "ಹಮೀದಾಕ."

"ಹಮೀದಾಕ" ಎಂದಳು ಅವಳು. ದನಿ ನನ್ನದೇ. ಅವರ ಗಾಡಿಯ ರೇಡಿಯೋದ ಸ್ಪೀಕರ್.

ಅಂದರೆ ಗಾಡಿ ಅಲ್ಲೇ ಇದೆ. ನನ್ನನ್ನು ನಾನೇ ಕರೆಯುತ್ತ, ಕರೆದಲ್ಲಿಗೆ ಹೋಗುತ್ತ ಅದನ್ನು ಮುಟ್ಟಿದೆ. ಲೆಕ್ಕಕ್ಕೂ ಗಾಡಿಗೂ ಇದ್ದ ಅಂತರ ಒಂದು ಕೂಗಿನಷ್ಟು.

ಎಂಜಿನ್ ಓಡುತ್ತಿತ್ತು. ಎರಡು ಬಾಗಿಲುಗಳೂ ತೆರೆದಿದ್ದವು. ಒಳಗೆ ಯಾರೂ ಇರಲಿಲ್ಲ. ಟ್ರ್ಯಾಕಿನ ಉದ್ದ ಹಲ್ಲುಗಳು ಆಗಲೇ ಪೂರ್ತಿ ಕೆಸರಿನೊಳಗೆ ಇಳಿದಿದ್ದವು. ಸೀಟಿನ ಮೇಲೆ ಫ್ಲಾಸ್ಕು, ಅರ್ಧ ಕುಡಿದ ಚಹಾ. ಮೀಟರಿನಲ್ಲಿ ಅವರು ನಂಬಿದ ಅಂಕಿ ಹಾಗೇ ನಿಂತಿತ್ತು. ಎರಡು ಜೊತೆ ಹೆಜ್ಜೆಗಳು ಗಾಡಿಯಿಂದ ಇಳಿದು ನೇರ ಮೂಡಕ್ಕೆ, ನೀರಿನ ಕಡೆಗೆ ಹೋಗಿದ್ದವು. ಓಡಿದ ಹೆಜ್ಜೆಗಳಲ್ಲ. ಮನೆಗೆ ಹೋಗುವವರ ನಿಧಾನದ ಹೆಜ್ಜೆಗಳು.

ಆ ಹೆಜ್ಜೆ ಹಿಡಿದು ಹೋಗಬೇಕೆಂದು ಕಾಲು ಎಳೆಯುತ್ತಿತ್ತು. ಹೋಗಲಿಲ್ಲ. ಗಾಡಿ ಬಿಟ್ಟವರು ಆಗಲೇ ಇಬ್ಬರಿದ್ದರು, ಮೂರನೆಯವಳಾಗಿ ನಾನು ಹೋದರೆ ಹುಡುಕಲು ಯಾರಿಗೂ ಗುರುತು ಉಳಿಯುತ್ತಿರಲಿಲ್ಲ. ಹಾರ್ನಿನ ಮೇಲೆ ಕೈ ಇಟ್ಟು ಒತ್ತಿದೆ. ಬಿಟ್ಟು ಕೇಳಿದೆ. ಮತ್ತೆ ಒತ್ತಿದೆ. ನೀರು ಹೆಜ್ಜೆಗಳನ್ನು ಒಂದೊಂದಾಗಿ ತುಂಬುತ್ತ ನನ್ನ ಕಡೆಗೆ ಬರುತ್ತಿತ್ತು. ಹೆಸರು ಹಿಡಿದು ಕೂಗಿದೆ. ಬೈದೆ. ತುಳುವಿನಲ್ಲಿ ಅಪ್ಪ ಧಕ್ಕೆಯಲ್ಲಿ ಬೈಯುತ್ತಿದ್ದ ಹಾಗೆ ಬೈದೆ.

"ಯಾರದು, ಹೀಗೆ ಬೈಯುವುದು?"

ದನಿ ನನ್ನ ಬೆನ್ನ ಹಿಂದಿನಿಂದ, ಪಡುವಣದಿಂದ ಬಂತು. ಹೆಜ್ಜೆ ಹೋದ ದಿಕ್ಕಿಗೆ ನೇರ ಎದುರು.

"ಯಾರದು?" ಎಂದು ಎರಡನೇ ಸಲ ಕೇಳುವವರೆಗೆ ನಾನು ಬಾಯಿ ಬಿಡಲಿಲ್ಲ. ಆಮೇಲೆ ಎಂದೆ, "ನಾನು. ಮಮತಾ."

ಹಮೀದಾಕ ಸುಧಾಕರಣ್ಣನ ಅಂಗಿಯ ತೋಳು ಹಿಡಿದು ಎಳೆದುಕೊಂಡು ಬಂದರು. ಇಬ್ಬರೂ ಮೊಣಕಾಲಿನ ತನಕ ಕೆಸರು. ಸುಧಾಕರಣ್ಣನ ಒಂದು ಬೂಟು ಇರಲಿಲ್ಲ. ಮಂಜಿನಲ್ಲಿ ನಡೆದವರು ನೇರ ಹೋಗುತ್ತಿದ್ದೇವೆ ಎಂದುಕೊಂಡೇ ದುಂಡಗೆ ಸುತ್ತುತ್ತಾರೆ ಎಂದು ಈಗ ನನಗೆ ಗೊತ್ತು. ಆಗ ಗೊತ್ತಿದ್ದರೂ ನಂಬುತ್ತಿದ್ದೆನೋ ಇಲ್ಲವೋ.

"ಎಲ್ಲಿಗೆ ಹೋಗಿದ್ರಿ? ಇಳಿಯಬೇಡಿ ಎಂದು ಹೇಳಿದ್ದೆ ಅಲ್ವಾ?"

"ಕ್ಯಾಬಿನ್ನಿಗೆ" ಎಂದರು ಸುಧಾಕರಣ್ಣ. "ಎದುರಿಗೇ ಇತ್ತು. ನೀರಿನ ಟ್ಯಾಂಕ್ ಇತ್ತು. ಬಿಜುವಿನ ಕೆಂಪು ಅಂಗಿ ಒಣಗಲಿಕ್ಕೆ ಹಾಕಿತ್ತು. ಹತ್ತಿರ ಹೋದಷ್ಟು ಅಷ್ಟೇ ದೂರ ಇತ್ತು. ಮತ್ತೆ ಇರಲೇ ಇಲ್ಲ."

ಹಮೀದಾಕ ನನ್ನ ಮುಖವನ್ನೇ ನೋಡುತ್ತಿದ್ದರು. "ನೀವು ಬಾಗಿಲಿನಲ್ಲಿ ನಿಂತು ಕೈ ಮಾಡಿದ್ರಿ" ಎಂದರು. "ಅದಕ್ಕೇ ನಾನೂ ಇಳಿದದ್ದು."

"ನಾನಲ್ಲ ಹಮೀದಾಕ."

"ಗೊತ್ತಾಯ್ತು. ಕೈ ಮಾಡಿದವರು ಸುಮ್ಮನಿದ್ರು. ನೀವಾದ್ರೆ ಬೈಯುತ್ತಿದ್ರಿ."

ಅವರು ನಗಿಸಲು ಹೇಳಿದರೋ, ನಿಜವಾಗಿ ಹೇಳಿದರೋ, ಇಂದಿಗೂ ಗೊತ್ತಿಲ್ಲ. ಮೂವರೂ ನಗಲಿಲ್ಲ. ಗಿಡ್ಡ ಹಲ್ಲಿನ ಗಾಡಿ ಜಾರುತ್ತ, ತೂರಾಡುತ್ತ, ಆದರೆ ಪೊರೆ ಸೀಳದೆ ಮೇಲೇ ತೇಲುತ್ತ ಬಾವುಟದಿಂದ ಬಾವುಟಕ್ಕೆ, ಇಬ್ಬರ ಜಾಗದಲ್ಲಿ ಒತ್ತಿಕೊಂಡ ಮೂವರನ್ನೂ ಹೊತ್ತು ತಂದಿತು. ಬಿಜುವಿನ ಹಾರ್ನ್ ಕೇಳಿದಾಗ ಸುಧಾಕರಣ್ಣ ಕಣ್ಣು ಮುಚ್ಚಿಕೊಂಡರು. ಕ್ಯಾಬಿನ್ ಕಂಡಾಗಲೂ ತೆರೆಯಲಿಲ್ಲ. ಬಿಜು ಬಂದು ಅವರ ಕೈ ಹಿ‌ಡಿದು ಇಳಿಸಿದ ಮೇಲೆ ತೆರೆದರು.

ಬಿಜು ಅಂದು ಬಟ್ಟೆ ಒಗೆದಿರಲಿಲ್ಲ. ಆ ಪ್ರಶ್ನೆಯನ್ನು ನಾನೇ ಅವನಿಗೆ ಕೇಳಿದೆ, ಬೇರೆ ಯಾರೂ ಇಲ್ಲದಾಗ. ಅವನ ಹತ್ತಿರ ಕೆಂಪು ಅಂಗಿಯೇ ಇರಲಿಲ್ಲ.

ಉದ್ದ ಹಲ್ಲಿನ ಗಾಡಿಯನ್ನು ನೀರು ಇಳಿದ ಮೇಲೆ ವಿಂಚ್ ಹಾಕಿ ಎಳೆದು ತಂದೆವು. ಸೀಟಿನವರೆಗೆ ಉಪ್ಪು ಕಟ್ಟಿತ್ತು. ತೊಳೆದು, ಬೇರಿಂಗುಗಳನ್ನು ಬದಲಿಸಿ ಮತ್ತೆ ನಿಲ್ಲಿಸಲು ಸುಮಾರು ದಿನ ಹಿಡಿಯಿತು. ಸುಧಾಕರಣ್ಣ ಆ ದಿನಗಳಲ್ಲಿ ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಕೊನೆಗೊಂದು ಬೆಳಗ್ಗೆ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟರು.

"ಚಾಪೆ ಅಂದಿಯಲ್ಲ. ನೀನೇ ಸರಿ ಮಾಡು."

ಸರಿ ಮಾಡಿದೆ. ಗೇರ್ ಇಳಿಸಿದ್ದು ಹಾಗೇ ಇರಲಿ ಎಂದೆ, ಅದು ಬೇಕಾದದ್ದೇ. ಮೀಟರ್ ಮಾತ್ರ ಹಳೆಯ ಲೆಕ್ಕಕ್ಕೆ ಬಂತು. ಗಾಡಿ ಮತ್ತೆ ಸಬ್ಖಾಕ್ಕೆ ಇಳಿಯಬೇಕಾದರೆ ಸಾಲು ಹಿಡಿದು ಓಡಿಸಿ ನೋಡಿ ಅವರು ಸಹಿ ಹಾಕಬೇಕಿತ್ತು. ಹಮೀದಾಕ ಮಗಳ ನಿಖಾಕ್ಕೆಂದು ಊರಿಗೆ ಹೋಗಿದ್ದರು. ಹಾಗಾಗಿ ನಾನು ಓಡಿಸಿದೆ, ಸುಧಾಕರಣ್ಣ ಪಕ್ಕದಲ್ಲಿ ಕೂತರು.

ಅಂಥ ತಿಳಿ ದಿನವನ್ನು ನಾನು ಮತ್ತೆ ನೋಡಿಲ್ಲ. ಎಲ್ಲೆಲ್ಲೂ ಬೆಳ್ಳಗಿನ ಉಪ್ಪು, ಮೇಲೆ ನೀಲಿ, ನಡುವೆ ನಮ್ಮ ಗಾಡಿಯ ಸದ್ದು. ಹತ್ತು ಎಂದಾಗ ಡ್ರಮ್ ಬಂತು. ಮೀಟರನ್ನು ಸೊನ್ನೆಗೆ ತಂದು ಅಲ್ಲಿ ಮೂಡಕ್ಕೆ ತಿರುಗಿದೆ. ಸುಧಾಕರಣ್ಣ ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಊರಿ, ಮೀಟರಿನ ಅಂಕಿಯನ್ನು ಬಿಟ್ಟು ಬೇರೆಲ್ಲೂ ನೋಡದೆ ಕೂತಿದ್ದರು. ಐದು ಎಂದು ಬಿತ್ತು. ನಿಲ್ಲಿಸಿದೆ. ಕೊನೆಯ ಕಂಬ ಬಾನೆಟ್ಟಿನ ನೇರ ಎದುರಿಗಿತ್ತು. ನನಗೆ ಆದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಬಿ.ಇ. ರಿಸಲ್ಟ್ ಬಂದ ದಿನ ಕೂಡ ಅಷ್ಟು ಆಗಿರಲಿಲ್ಲ. ಏನಾದರೂ ಹೇಳುತ್ತಾರೆ ಎಂದು ಅವರ ಕಡೆ ತಿರುಗಿದೆ.

ಅವರು ತಲೆ ಎತ್ತಿರಲಿಲ್ಲ.

"ಕಂಬ ಉಂಟಾ?" ಎಂದರು.

"ಎದುರಿಗೇ ಉಂಟಲ್ಲ ಅಣ್ಣ. ನೋಡಿ."

"ನಾನು ನೋಡುವುದಿಲ್ಲ. ನೀನು ಇಳಿದು ಮುಟ್ಟಿ ನೋಡು."

ಇಳಿದೆ. ಕಾಲಡಿಯ ಪೊರೆ ಚರಚರ ಎಂದಿತು. ಹೋಗಿ ಕಂಬಕ್ಕೆ ಅಂಗೈ ಇಟ್ಟೆ. ತಣ್ಣಗಿತ್ತು, ಉಪ್ಪಿನ ಹರಳು ಚರ್ಮಕ್ಕೆ ಚುಚ್ಚಿತು.

"ಉಂಟು ಅಣ್ಣ" ಎಂದು ಕೂಗಿದೆ.

ಕಂಬದ ಮೇಲಿಂದ ಕೈ ತೆಗೆಯದೆ ನಿಂತೆ. ಗಾಡಿಯೊಳಗೆ, ಅಷ್ಟು ಬಿಸಿಲಿನಲ್ಲಿ, ಅವರು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದರು.

"ಇನ್ನೊಮ್ಮೆ ಹೇಳು" ಎಂದರು.